ಈಜುವ ಪುಟಾಣಿ ರೋಬೋ ಬೇಕಾ? ಮೊದಲು ಗ್ಲಿಸರಿನ್ ತಿರುಗಿಸಿ

ವಿಜ್ಞಾನ ಮೇಳ ಹತ್ತಿರ ಬಂದರೆ ಸಾಕು, ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಸುತ್ತಿಕೊಳ್ಳುತ್ತಾರೆ. "ಮಿಸ್, ರಕ್ತದೊಳಗೆ ಈಜೋ ರೋಬೋ ಮಾಡೋಣ್ವಾ?" ಮೋಟಾರು, ಬ್ಯಾಟರಿ ಆಮೇಲೆ, ಮೊದಲು ಎರಡು ಗಾಜಿನ ಲೋಟ ತನ್ನಿ ಅನ್ನುತ್ತೇನೆ. ಕಣ್ಣಿಗೆ ಕಾಣದಷ್ಟು ಚಿಕ್ಕ ರೋಬೋಗೆ ನೀರು ಕೂಡ ಜೇನುತುಪ್ಪದ ಹಾಗೆ ಹಿಡಿದುಕೊಳ್ಳುತ್ತದೆ. ಇದು ಓದಿದರೆ ಬರಲ್ಲ, ಕೈಗೆ ತಿಳಿಯಬೇಕು.

ಲೋಟಗಳು ನೇರ ಗೋಡೆಯವು ಇರಲಿ. ಒಂದರೊಳಗೆ ಇನ್ನೊಂದು ಇಟ್ಟಾಗ ಸುತ್ತ 1 ಸೆಂ.ಮೀ. ಸಂದು ಉಳಿಯಬೇಕು. ಒಳಗಿನ ಲೋಟಕ್ಕೆ ಮರಳು ತುಂಬಿ, ಇಲ್ಲದಿದ್ದರೆ ತೇಲುತ್ತದೆ. ಸಂದಿಗೆ ಮೆಡಿಕಲ್ ಶಾಪಿನ ಗ್ಲಿಸರಿನ್ ಸುರಿದು ರಾತ್ರಿಯಿಡೀ ಬಿಡಿ, ಗುಳ್ಳೆಗಳು ಹೋಗಲಿ.

ಬಣ್ಣದ ವಿಷಯದಲ್ಲಿ ನಾವು ಒಮ್ಮೆ ಎಡವಿದೆವು. ಬರೀ ಶಾಯಿ ಬಿಟ್ಟೆವು, ಅದು ಹಗುರ, ಮೇಲಕ್ಕೆ ಹೋಯಿತು. ಒಂದು ಚಮಚ ಗ್ಲಿಸರಿನ್‌ಗೇ ಅಡುಗೆ ಬಣ್ಣ ಕಲಸಿ, ಸಿರಿಂಜಿನಿಂದ ಸಂದಿಯ ನಡುವೆ ಒಂದು ಹನಿ ಬಿಡಿ. ಒಳಲೋಟದ ಅಂಚಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಈಗ ಅದನ್ನು ಅಲುಗಿಸದೆ, ಒಂದು ಸುತ್ತಿಗೆ 10 ಸೆಕೆಂಡಿನಂತೆ, ನಾಲ್ಕು ಸುತ್ತು ತಿರುಗಿಸಿ. ಹನಿ ಎಳೆದುಕೊಂಡು ಮಸುಕು ಪಟ್ಟಿಯಾಗುತ್ತದೆ. ಕಲಸಿಹೋಯಿತು ಅಂತ ಮಕ್ಕಳು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅಷ್ಟೇ ನಿಧಾನವಾಗಿ ನಾಲ್ಕು ಸುತ್ತು ಹಿಂದಕ್ಕೆ ತಿರುಗಿಸಿ. ಪಟ್ಟಿ ಕೂಡಿಕೊಂಡು, ಅಂಚು ಸ್ವಲ್ಪ ಮಸುಕಾದ ಅದೇ ಹನಿ, ಅದೇ ಜಾಗಕ್ಕೆ ಬರುತ್ತದೆ! ಎಷ್ಟು ಸಲ ಮಾಡಿದರೂ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಾರಣ ಇಷ್ಟೇ. ಓಡುತ್ತಿರುವ ನೀರಿಗೆ ಓಡುತ್ತಲೇ ಇರುವ ಹಟವಿದೆ, ಮಂದ ದ್ರವದಲ್ಲಿ ಅಂಟು ಆ ಹಟವನ್ನು ನುಂಗಿಬಿಡುತ್ತದೆ, ಹಾಗಾಗಿ ಲೋಟ ಹಿಂದೆ ತಿರುಗಿದರೆ ದ್ರವವೂ ಬಂದ ದಾರಿಯಲ್ಲೇ ಮರಳುತ್ತದೆ. ಇವೆರಡರ ಅನುಪಾತವೇ ರೆನಾಲ್ಡ್ಸ್ ಸಂಖ್ಯೆ. ಕೆರೆಯಲ್ಲಿ ಈಜುವವರಿಗೆ ಅದು ಸುಮಾರು 10 ಲಕ್ಷ. ಬ್ಯಾಕ್ಟೀರಿಯಾಕ್ಕೆ 1ರ ಹತ್ತು ಸಾವಿರದಲ್ಲೊಂದು ಪಾಲೂ ಇಲ್ಲ. ಅಲ್ಲಿ ಚಿಪ್ಪಿನಂತೆ ಸುಮ್ನೆ ತೆರೆದು ಮುಚ್ಚಿದರೆ ಮುಂದೆ ಹೋದಷ್ಟೇ ಹಿಂದೆ ಬರಬೇಕು. ಬೇಗ ಮುಚ್ಚಿ ನಿಧಾನ ತೆರೆದರೂ ಅಷ್ಟೇ. ಇದನ್ನು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಚೆನ್ನಾಗಿ ಬಿಡಿಸಿ ಹೇಳಿದರು.

ಹಾಗಾದರೆ ಈಜುವುದು ಹೇಗೆ? ಉಪ್ಪಿನಕಾಯಿ ಬಾಟಲಿಯಲ್ಲಿ ಗ್ಲಿಸರಿನ್ ತುಂಬಿ, ಹನಿ ಬಿಡಿ. ತಾಮ್ರದ ತಂತಿಯನ್ನು ಪೆನ್ಸಿಲ್‌ಗೆ ಐದು ಸುತ್ತು ಸುತ್ತಿ, ಆ ಸುರುಳಿಯನ್ನು ಹನಿಯ ಪಕ್ಕ ಬೆರಳಲ್ಲಿ ಒಂದೇ ಕಡೆಗೆ ತಿರುಗಿಸಿ. ಬಣ್ಣ ಸುರುಳಿಯುದ್ದಕ್ಕೂ ಸಾಗುತ್ತದೆ. ದ್ರವ ಹಿಂದೆ ಹೋಯಿತೆಂದರೆ, ಬಿಟ್ಟ ಸುರುಳಿ ಮುಂದೆ ಹೋಗುತ್ತದೆ, ಅಲ್ವಾ? 2009ರಲ್ಲಿ ವಿಜ್ಞಾನಿಗಳಾದ ಅಂಬರೀಶ್ ಘೋಷ್ ಮತ್ತು ಪೀರ್ ಫಿಷರ್ ಹಾರ್ವರ್ಡ್‌ನಲ್ಲಿ ಇಂಥದ್ದೇ, ಆದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಜಿನ ಸ್ಕ್ರೂ ಮಾಡಿ, ಕಾಂತಕ್ಷೇತ್ರ ತಿರುಗಿಸಿ ಓಡಿಸಿದರು. ಘೋಷ್ ಅವರ ತಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಮೇಲೆ ಅಂಥವನ್ನು ಹಲ್ಲಿನ ಸೂಕ್ಷ್ಮ ನಾಳಗಳೊಳಗೂ ನುಗ್ಗಿಸಿತು, ಅಲ್ಲಿ ಅಡಗಿದ ಬ್ಯಾಕ್ಟೀರಿಯಾ ಕೊಲ್ಲಲು.

ಮೆತ್ತನೆ ರೋಬೋ ಮಾಡುವ ಆಸೆಯಿದ್ದರೆ ಇನ್ನೊಂದು. ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನು ಹನಿಯ ಹತ್ತಿರ ಅತ್ತಿತ್ತ ಆಡಿಸಿ, ಬಣ್ಣ ಹೆಚ್ಚುಕಡಿಮೆ ಇದ್ದಲ್ಲಿಗೇ ಮರಳುತ್ತದೆ. ಅದೇ ಜಾಗದಲ್ಲಿ ತೆಳ್ಳನೆ ಬಲೂನು ರಬ್ಬರಿನ ಪಟ್ಟಿ ಹಿಡಿದು ಬುಡದಿಂದ ಆಡಿಸಿ. ತುದಿ ತಡವಾಗಿ, ಬಾಗಿಕೊಂಡು ಬರುತ್ತದೆ. ಹೋದ ದಾರಿ ಬೇರೆ, ಬಂದ ದಾರಿ ಬೇರೆ. ಹನಿಯನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಇಪ್ಪತ್ತು ಸಲ ಆಡಿಸಿದ ಮೇಲೆ ಎಲ್ಲಿಗೆ ಜಾರಿದೆ ಅಂತ ಅಳೆಯಿರಿ.