ಗ್ರಾಹಕ ಸೇವೆಯ ಮೇಜಿನಲ್ಲಿ ನೆರವಿನ ಅಧಿಕಾರಿಗಳು: ನೈರೋಬಿಯಲ್ಲಿ ನನ್ನ ಅನುಭವ

ನೆರವು ಸಂಸ್ಥೆಗಳ ಅಧಿಕಾರಿಗಳಿಗೆ ಸ್ಟಾರ್ಟ್‌ಅಪ್‌ಗಳ ಜೊತೆ ಕೆಲಸ ಮಾಡುವುದನ್ನು ಕಲಿಸುವುದು ಈಗ ನನ್ನ ಪೂರ್ಣಾವಧಿಯ ಕಸುಬು. ಅವರನ್ನು ಕರೆ ಕೇಂದ್ರದಲ್ಲಿ ಕೂರಿಸುತ್ತೇನೆ ಎಂದಾಗ ನೈರೋಬಿಯ ಸಲಹೆಗಾರರೆಲ್ಲ ತಲೆಯಾಡಿಸಿದ್ದರು. ಎರಡನೇ ದಿನವೇ ಎದ್ದು ಹೋಗುತ್ತಾರೆ ಎಂದರು. ಯಾರೂ ಹೋಗಲಿಲ್ಲ. ಕಳೆದ ಒಂದೂವರೆ ವರ್ಷದಲ್ಲಿ ನನ್ನಲ್ಲಿಗೆ ಜನರನ್ನು ಕಳಿಸಿದ ಮೂರು ಸಂಸ್ಥೆಗಳು ತಮ್ಮ ಅನುದಾನ ಒಪ್ಪಂದದ ನಮೂನೆಯನ್ನೇ ಬದಲಿಸಿವೆ. ತರಬೇತಿಯೊಂದರಿಂದ ಒಪ್ಪಂದದ ನಮೂನೆ ಬದಲಾದದ್ದನ್ನು ಈ ಊರಿನಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ನೈರೋಬಿ, ಕಂಪಾಲಾ, ಜಿನೀವಾಗಳಲ್ಲಿ ಇದೇ ಕ್ಷೇತ್ರದ ಕನ್ನಡಿಗರಿದ್ದಾರೆ, ಬರೆಯುತ್ತಿರುವುದು ಅವರಿಗಾಗಿ. ಲಾಗ್‌ಫ್ರೇಮ್ (ಯೋಜನೆಯ ಗುರಿ, ಅಳತೆಗಳ ಕೋಷ್ಟಕ) ಎಂದರೇನು, ಅನುದಾನದ ಕಂತು ಹೇಗೆ ಬಿಡುಗಡೆಯಾಗುತ್ತದೆ ಎಂಬುದನ್ನೆಲ್ಲ ಅವರಿಗೆ ಹೇಳಬೇಕಿಲ್ಲ.

ಕೆಲಸಕ್ಕೆ ಬಾರದ ದಾರಿಗಳನ್ನು ಮೊದಲು ಹೇಳುತ್ತೇನೆ, ಏಕೆಂದರೆ ದುಡ್ಡು ಹೋದದ್ದು ಅಲ್ಲೇ. ವೆಸ್ಟ್‌ಲ್ಯಾಂಡ್ಸ್‌ನ ಹೋಟೆಲಿನಲ್ಲಿ ಮೂರು ದಿನಗಳ ಶಿಬಿರ. ಊಟ, ಸಭಾಂಗಣ ಸೇರಿ ತಲೆಗೆ ದಿನಕ್ಕೆ ಸುಮಾರು ಆರು ಸಾವಿರ ಶಿಲ್ಲಿಂಗ್. ಹೊರಗಿನ ಭಾಷಣಕಾರರ ವಿಮಾನದ ಟಿಕೆಟ್ಟು ಬೇರೆ. ಒಟ್ಟು ಎಂಟು, ಒಂಬತ್ತು ಲಕ್ಷ ಶಿಲ್ಲಿಂಗ್ ಕರಗುತ್ತಿತ್ತು. ಅಭಿಪ್ರಾಯದ ನಮೂನೆಗಳಲ್ಲಿ ಹೊಗಳಿಕೆಯ ಸುರಿಮಳೆ. ಆರು ತಿಂಗಳ ಬಳಿಕ ಒಬ್ಬೊಬ್ಬರಿಗೂ ಕರೆ ಮಾಡಿ ಕೇಳಿದರೆ, ಕಚೇರಿಯಲ್ಲಿ ಒಂದು ಕಾಗದವೂ ಕದಲಿರಲಿಲ್ಲ. ಸ್ಥಾಪಕರನ್ನೇ ಕರೆಸಿ ಮಾತಾಡಿಸಿದೆವು. ಎದುರಿಗೆ ಅನುದಾನ ಕೊಡುವವರು ಕುಳಿತಿರುವಾಗ ಯಾವ ಸ್ಥಾಪಕ ತಾನೇ ತನ್ನ ಕಷ್ಟ ಹೇಳಿಕೊಂಡಾನು? ಹೂಡಿಕೆದಾರರ ಮುಂದೆ ಮಾತಾಡಿದಂತೆ ಮಾತಾಡಿ, ವಿಸಿಟಿಂಗ್ ಕಾರ್ಡ್ ಹಂಚಿ ಹೋದರು. ಬಸ್ ಮಾಡಿಕೊಂಡು ಮಚಾಕೋಸ್ ಕಡೆಯ ಹಳ್ಳಿಗಳಿಗೂ ಹೋದೆವು. ಏನು ಹೇಳಬೇಕೆಂದು ಮೊದಲೇ ಕಲಿಸಿ ನಿಲ್ಲಿಸಿದ್ದ ರೈತರು ಸಿಕ್ಕಿದರು.

ದಾರಿ ತೋರಿಸಿದ್ದು ನಾನು ಲೆಕ್ಕ ನೋಡುತ್ತಿದ್ದ ಒಂದು ಕೃಷಿ ಸ್ಟಾರ್ಟ್‌ಅಪ್. ಅದಕ್ಕೆ ಡಾಲರ್ ಲೆಕ್ಕದಲ್ಲಿ 50 ಸಾವಿರದ ಕಂತು ಬರಬೇಕಿತ್ತು. 2024ರ ಜನವರಿಯಲ್ಲಿ ಡಾಲರಿಗೆ 160 ಶಿಲ್ಲಿಂಗ್ ಇತ್ತು, ನಾವು ಅದೇ ದರದಲ್ಲಿ ಆಯವ್ಯಯ ಮಾಡಿಕೊಂಡೆವು. ಹಣ ಖಾತೆಗೆ ಬಿದ್ದದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ದರ 130ರ ಆಸುಪಾಸಿಗೆ ಇಳಿದಿತ್ತು. 80 ಲಕ್ಷ ಶಿಲ್ಲಿಂಗ್ ಬರಬೇಕಾದಲ್ಲಿ 65 ಲಕ್ಷ. ಆ ನಡುವೆ ಸಂಬಳ ನಿಂತು ಒಳ್ಳೆಯ ಇಬ್ಬರು ಹುಡುಗರು ಕೆಲಸ ಬಿಟ್ಟಿದ್ದರು, ಮಾರ್ಚಿನ ಬಿತ್ತನೆಯ ಹಂಗಾಮು ಕೈತಪ್ಪಿತ್ತು. ಅನುದಾನ ನೋಡಿಕೊಳ್ಳುತ್ತಿದ್ದ ಅಧಿಕಾರಿ ಕೆಟ್ಟವರಲ್ಲ, ನಮ್ಮ ಪರವಾಗಿ ತಮ್ಮ ಹಣಕಾಸು ವಿಭಾಗದ ಬೆನ್ನು ಹತ್ತಿದ್ದರು. ಆದರೆ ಒಂದು ಸಣ್ಣ ಕಂಪನಿಯ ತಿಂಗಳ ಕೊನೆಯ ವಾರ ಹೇಗಿರುತ್ತದೆ ಎಂಬುದನ್ನು ಅವರು ಎಂದೂ ಕಂಡಿರಲಿಲ್ಲ. ನಾನು ಹಣದ ಹರಿವಿನ ಹಾಳೆಯನ್ನು ಅವರ ಮುಂದಿಟ್ಟೆ. ಒಂದು ಗಂಟೆ ಸಾಲು ಸಾಲಾಗಿ ಪ್ರಶ್ನೆ ಕೇಳಿದರು. ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಡ ಅನ್ನಿಸಿದ್ದು ಆಗಲೇ.

ಈಗ ಮೊದಲ ದಿನ ಆ ಹಾಳೆಯೊಂದೇ. ದೊಡ್ಡ ಕಾಗದದಲ್ಲಿ ಹದಿಮೂರು ವಾರಗಳ ಅಂಕಣ. ಹಾಳೆಯ ಮೇಲಿನ ಕಂಪನಿಯ ಕೈಯಲ್ಲಿ 14 ಲಕ್ಷ ಶಿಲ್ಲಿಂಗ್. ತಿಂಗಳಿಗೆ ಸಂಬಳ ನಾಲ್ಕೂವರೆ ಲಕ್ಷ, ಪ್ರತಿ ತಿಂಗಳು 9ನೇ ತಾರೀಕಿನೊಳಗೆ ಕಟ್ಟಲೇಬೇಕಾದ ನೌಕರರ ತೆರಿಗೆ, ಬಾಡಿಗೆ, ಎಸ್‌ಎಂಎಸ್ ಬಿಲ್ಲು, ಎಂ-ಪೆಸಾ (ಫೋನಿನಿಂದ ಹಣ ಕಳಿಸುವ ಸೇವೆ) ಶುಲ್ಕ ಎಲ್ಲ ಸೇರಿ ಇನ್ನೊಂದು ಎರಡೂವರೆ ಲಕ್ಷ. ಬರುವ ಹಣದ ಸಾಲು ಖಾಲಿ. ಪ್ರತಿಯೊಬ್ಬರೂ ತಮ್ಮ ಸಂಸ್ಥೆ ಇತ್ತೀಚೆಗೆ ಪಾವತಿಸಿದ ಕೆಲವು ಬಿಲ್‌ಗಳ ತಾರೀಕು ಮತ್ತು ಹಣ ತಲುಪಿದ ತಾರೀಕು ತಂದಿರಬೇಕು. ಆ ಅಂತರವನ್ನು ಅವರೇ ಹಾಳೆಗೆ ತುಂಬುತ್ತಾರೆ. ಎಂಟನೇ ಒಂಬತ್ತನೇ ವಾರಕ್ಕೆ ಕಂಪನಿ ಮುಳುಗುತ್ತದೆ. ಪ್ರತಿ ತಂಡದಲ್ಲೂ ಮುಳುಗಿದೆ. ಖರೀದಿ ವಿಭಾಗದವರೊಬ್ಬರು ಎದ್ದು ನಿಂತು, "ನಮ್ಮಲ್ಲಿ ಹೊಸ ಮಾರಾಟಗಾರರ ನೋಂದಣಿಗೇ ಆರು ವಾರ ಬೇಕು, ಅದನ್ನು ಬರೆದೇ ಇಲ್ಲವಲ್ಲ" ಎಂದು ತಾವೇ ಸೇರಿಸಿದರು. ಅವರ ಕಂಪನಿ ಹಣದ ಮುಖ ಕಾಣದೆಯೇ ಮುಚ್ಚಿತು.

ಮುಂದಿನ ನಾಲ್ಕು ದಿನ ಆತಿಥ್ಯ ಕೊಡುವ ಸ್ಟಾರ್ಟ್‌ಅಪ್‌ನ ಗ್ರಾಹಕ ಸೇವೆಯ ಮೇಜು. ಸ್ವಾಹಿಲಿ ಬಲ್ಲವರು ಕರೆ ತೆಗೆದುಕೊಳ್ಳುತ್ತಾರೆ, ಬಾರದವರು ಪಕ್ಕದಲ್ಲಿ ಹೆಡ್‌ಫೋನ್ ಹಾಕಿ ಕೂರುತ್ತಾರೆ. ಕೀನ್ಯಾದಲ್ಲಿ 2019ರ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಗೋಪ್ಯತೆಯ ಪತ್ರಕ್ಕೆ ಸಹಿ ಮಾಡಿಸಿ, ಪರದೆಯ ಮೇಲೆ ಹೆಸರು, ಸಂಖ್ಯೆ ಮುಚ್ಚಿಯೇ ಕೂರಿಸುತ್ತೇವೆ. ಒಮ್ಮೆ ನಕುರು ಕಡೆಯ ರೈತ ಮಹಿಳೆಯೊಬ್ಬರು ಕರೆ ಮಾಡಿದರು. ತಮಗೂ, ಗಂಡನಿಗೂ, ಅತ್ತೆಗೂ ಸಂದೇಶಗಳು ಬರುತ್ತಿವೆ, ಏಕೆಂದು ಗೊತ್ತಿಲ್ಲ, ನಿಲ್ಲಿಸಿ ಎಂದರು. ವಿಚಾರಿಸಿದರೆ, ಒಬ್ಬ ಹುಡುಗ ಬಂದು ಮನೆಯ ಮೂರೂ ಸಿಮ್‌ಗಳನ್ನು ನೋಂದಾಯಿಸಿ ಹೋಗಿದ್ದ. ನೋಂದಣಿಗೆ ಇಷ್ಟು ಎಂದು ಅವನಿಗೆ ಕಮಿಷನ್. ಪಕ್ಕದಲ್ಲಿ ಕೇಳುತ್ತಿದ್ದ ಅಧಿಕಾರಿಯ ಯೋಜನೆಯಲ್ಲೇ 20 ಸಾವಿರ ನೋಂದಾಯಿತ ರೈತರ ಗುರಿ ಇತ್ತು. ಮೇಲ್ವಿಚಾರಕಿ ಪಟ್ಟಿ ತೆಗೆದು ನೋಡಿ, ಮೂರೂ ಸಂಖ್ಯೆಗಳು ಆ ಅಧಿಕಾರಿಗೆ ಕಳಿಸಿದ ವರದಿಯಲ್ಲಿವೆ ಎಂದರು. ಆ ಅಧಿಕಾರಿ ಊಟಕ್ಕೂ ಹೋಗದೆ ತಮ್ಮ ಸಂಸ್ಥೆಯ ಕೀನ್ಯಾ ಮುಖ್ಯಸ್ಥರಿಗೆ ಪತ್ರ ಬರೆದರು. ಇಂದು ಅವರ ಒಪ್ಪಂದದಲ್ಲಿ ನೋಂದಣಿಯ ಗುರಿಯೇ ಇಲ್ಲ. ತೊಂಬತ್ತು ದಿನಗಳೊಳಗೆ ಎರಡನೇ ಬಾರಿ ವ್ಯವಹರಿಸಿದ ರೈತರಿಗೆ ಮಾತ್ರ ಲೆಕ್ಕ. ಮುಂಗಡ ನಲವತ್ತು ಪ್ರತಿಶತ, ಬಿಲ್ಲಿಗೆ ಹದಿನೈದು ದಿನ, ವರದಿ ಎರಡು ಪುಟ. ಮೊದಲು ಅದೇ ಅನುದಾನಕ್ಕೆ ವರದಿ ಬರೆಯಲು ಕಂಪನಿ ಒಬ್ಬರನ್ನು ಪ್ರತ್ಯೇಕವಾಗಿ ನೇಮಿಸಿಕೊಂಡಿತ್ತು. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ಎಂ-ಪೆಸಾದ ಕಥೆಯನ್ನು ನಾನು ಹೇಳುವುದು ಇದಾದ ಮೇಲೆ, ಐದನೇ ದಿನ. ಬ್ರಿಟನ್ ಸರ್ಕಾರದ ನೆರವು ಇಲಾಖೆ ಅದಕ್ಕೆ ಸುಮಾರು ಹತ್ತು ಲಕ್ಷ ಪೌಂಡ್ ಕೊಟ್ಟದ್ದು, ವೊಡಾಫೋನ್ ತನ್ನ ಪಾಲು ಸೇರಿಸಿದ್ದು ಕಿರುಸಾಲದ ಮರುಪಾವತಿಗಾಗಿ. 2005ರ ಪ್ರಯೋಗದಲ್ಲಿ ಜನ ಅದನ್ನು ಒಬ್ಬರಿಗೊಬ್ಬರು ಹಣ ಕಳಿಸಲು ಬಳಸತೊಡಗಿದರು, ಸಾಲ ಕೊಟ್ಟ ಸಂಸ್ಥೆಗೆ ಲೆಕ್ಕ ತಾಳೆ ಹಾಕುವುದೇ ಕಷ್ಟವಾಯಿತು. ಉತ್ತರ ಕರ್ನಾಟಕದಲ್ಲಿ ಸ್ವಸಹಾಯ ಸಂಘಗಳ ಪುಸ್ತಕ ನೋಡಿದವನಾದ್ದರಿಂದ ಅದು ನನಗೆ ಚೆನ್ನಾಗಿ ಗೊತ್ತು: ಸಭೆಯಲ್ಲಿ ಎಲ್ಲರೆದುರು ಎಣಿಸಿ ಬರೆಯುವ ಹಣ ಬೇರೆ ದಾರಿಯಲ್ಲಿ ಬಂದರೆ ಗುಂಪಿನ ಜಾಮೀನೇ ಸಡಿಲವಾಗುತ್ತದೆ. ಉದ್ದೇಶ ಬದಲಾಯಿತು, 2007ರ ಮಾರ್ಚಿನಲ್ಲಿ ಕೀನ್ಯಾದ ಮೊಬೈಲ್ ಕಂಪನಿ ಸಫಾರಿಕಾಂ ಅದನ್ನು ಹಣ ಕಳಿಸುವ ಸೇವೆಯಾಗಿಯೇ ಹೊರತಂದಿತು. ನಿಮ್ಮ ಒಪ್ಪಂದದ ಯಾವ ಕಲಮು ಈ ಬದಲಾವಣೆಗೆ ಅವಕಾಶ ಕೊಡುತ್ತದೆ, ತೋರಿಸಿ ಎನ್ನುತ್ತೇನೆ. ಮೊದಲ ದಿನವೇ ಈ ಕಥೆ ಹೇಳಿದಾಗ ಮೆಚ್ಚಿ ತಲೆದೂಗುತ್ತಿದ್ದರು. ಐದನೇ ದಿನ ಹೇಳಿದರೆ ಒಪ್ಪಂದ ತೆಗೆದು ಹುಡುಕುತ್ತಾರೆ.

ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದ್ದೇನೆ. ಪ್ರತಿಯೊಬ್ಬರಿಂದ ಯುಎಸ್‌ಎಸ್‌ಡಿ ಮೆನು (ಇಂಟರ್ನೆಟ್ ಇಲ್ಲದ ಫೋನಿನಲ್ಲೂ *, # ಒತ್ತಿ ತೆರೆಯುವ ಪಟ್ಟಿ) ಬರೆಸುವುದು ನನಗೆ ಬಹಳ ಇಷ್ಟ. ಒಂದು ಪರದೆಗೆ 182 ಅಕ್ಷರ, ಅಷ್ಟರಲ್ಲೇ ರೈತನಿಗೆ ಗೊಬ್ಬರ ಆಯ್ದುಕೊಳ್ಳಲು ಬರಬೇಕು. ನಾಲ್ವತ್ತು ಪ್ರಶ್ನೆಗಳ ಸಮೀಕ್ಷೆಯನ್ನು ಫೋನಿನಲ್ಲೇ ಮಾಡಿಸಿ ಎಂದು ಪಟ್ಟು ಹಿಡಿಯುತ್ತಿದ್ದವರು ಇದಾದ ಮೇಲೆ ಕೇಳಿಲ್ಲ. ಸ್ಥಾಪಕರನ್ನು ನೆರವು ಕಚೇರಿಯಲ್ಲಿ ಒಂದು ವಾರ ಕೂರಿಸುವ ತಿರುವುಮುರುವು ಪ್ರಯೋಗ ಮಾತ್ರ ಫಲಿಸಲಿಲ್ಲ. ಅವರು ಪ್ರಸ್ತಾವನೆ ಬರೆಯುವುದನ್ನು ಸೊಗಸಾಗಿ ಕಲಿತು, ಗ್ರಾಹಕರನ್ನು ಬಿಟ್ಟು ಅದರ ಹಿಂದೆಯೇ ಬಿದ್ದರು. ರುವಾಂಡದ ಕಿಗಾಲಿಯಲ್ಲಿ ಇದೇ ವಾರವನ್ನು ನಡೆಸಿದೆ. ಕರೆಗಳು ಕಿನ್ಯರ್ವಾಂಡ ಭಾಷೆಯಲ್ಲಿ, ದುಭಾಷಿಯ ಖರ್ಚು ಲಾಭವನ್ನೆಲ್ಲ ನುಂಗಿತು.

ಹಣದ ಲೆಕ್ಕ ಹೀಗಿದೆ. ಈಗ ತಲೆಗೆ ಸುಮಾರು 90 ಸಾವಿರ ಶಿಲ್ಲಿಂಗ್ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಮೂರನೇ ಒಂದು ಭಾಗ ಆತಿಥ್ಯ ಕೊಡುವ ಸ್ಟಾರ್ಟ್‌ಅಪ್‌ಗೆ, ಅದೂ ವಾರ ಆರಂಭವಾಗುವ ಮುನ್ನವೇ. ಇದರಲ್ಲಿ ರಾಜಿಯಿಲ್ಲ. ಹೊಸ ಕಂಪನಿಗಳ ಸಮಯವನ್ನು ಪುಕ್ಕಟೆಯಾಗಿ ಬಳಸಿಕೊಳ್ಳುವ ಚಾಳಿ ಈ ಕ್ಷೇತ್ರದಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ದಿನಭತ್ಯೆ ಕೊಡುವುದಿಲ್ಲ, ಅದನ್ನು ನಿಲ್ಲಿಸಿದಾಗ ಅರ್ಧಕ್ಕರ್ಧ ಜನ ಕಡಿಮೆಯಾದರು, ಉಳಿದವರು ಕಲಿಯಲೆಂದೇ ಬಂದವರು. ಯಾವ ಕಂಪನಿಯನ್ನು ಆಯ್ದುಕೊಳ್ಳುತ್ತೇನೆ, ಕೊನೆಯ ಸಂಜೆ ಕೋಣೆಯ ಬಾಗಿಲು ಹಾಕಿ ಏನು ಮಾಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

2025ರ ಆರಂಭದಲ್ಲಿ ಅಮೆರಿಕ ಸರ್ಕಾರದ ನೆರವು ಏಕಾಏಕಿ ನಿಂತಾಗ ನನ್ನಲ್ಲಿ ಕಲಿತ ಹಲವರು ಕೆಲಸ ಕಳೆದುಕೊಂಡರು. ಅವರಲ್ಲಿ ಕೆಲವರು ಇಂದು ಸ್ಟಾರ್ಟ್‌ಅಪ್‌ಗಳಲ್ಲೇ ಹಣಕಾಸು ನೋಡಿಕೊಳ್ಳುತ್ತಿದ್ದಾರೆ, ಹದಿಮೂರು ವಾರಗಳ ಹಾಳೆಯನ್ನು ಸೋಮವಾರ ಸೋಮವಾರ ತುಂಬುತ್ತಾರೆ. ಮುಂದಿನ ತಂಡ ಘಾನಾದ ಅಕ್ರಾದಲ್ಲಿ. ಅಲ್ಲಿ ಮೊಬೈಲ್ ಹಣ ಒಂದೇ ಕಂಪನಿಯ ಮೇಲೆ ನಿಂತಿಲ್ಲ, ಎಂಟಿಎನ್ ದೊಡ್ಡದಾದರೂ ಬೇರೆಯವರೂ ಇದ್ದಾರೆ. ಆದ್ದರಿಂದ ಹಾಳೆಯಲ್ಲಿ ಶುಲ್ಕದ ಸಾಲುಗಳನ್ನು ಬೇರೆ ಬೇರೆಯಾಗಿ ಒಡೆದು, ಎಲ್ಲವನ್ನೂ ಅಲ್ಲಿನ ನಾಣ್ಯವಾದ ಸೆಡಿಯಲ್ಲಿ ಹೊಸದಾಗಿ ಲೆಕ್ಕ ಹಾಕುತ್ತಿದ್ದೇನೆ. ಘಾನಾದಲ್ಲಿ ಲೆಕ್ಕ ಬಲ್ಲ ಕನ್ನಡಿಗರು ಯಾರಾದರೂ ಇದ್ದರೆ ಜೊತೆಗೂಡಲಿ, ಸಂಭಾವನೆ ಮುಂಗಡವಾಗಿಯೇ ಕೊಡುತ್ತೇನೆ.