ಡೆಸ್ಕ್‌ಟಾಪ್ ಬಿಸಿಯಾಗ್ತಿದೆಯಾ? ಹೊಸ ಫ್ಯಾನ್ ಕೊಳ್ಳೋ ಮೊದಲು ಇದನ್ನು ಮಾಡಿ ನೋಡಿ

ಕಂಪ್ಯೂಟರ್ ನಿಧಾನ ಆದಾಗ ನಾನು ಮೊದಲು ಬೈದಿದ್ದು ವೈರಸ್‌ಗೆ. ವಿಡಿಯೊ ಎಡಿಟ್ ಮಾಡಿ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಮೊದಲ ಐದು ನಿಮಿಷ ಸರಸರ ಓಡುತ್ತಿತ್ತು. ಆಮೇಲೆ ಎತ್ತಿನಗಾಡಿ. ಒಂದು ಇಡೀ ಭಾನುವಾರ ಕೂತು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ಸಂಜೆ ಮತ್ತೆ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಅದೇ ಐದು ನಿಮಿಷ, ಅದೇ ಎತ್ತಿನಗಾಡಿ. ಆಗ ಹೊಳೆಯಿತು, ಇದು ಬಿಸಿಯ ಕಾಟ ಇರಬಹುದು ಅಂತ.

ಕಂಪ್ಯೂಟರ್‌ನ ಮಿದುಳಾದ ಪ್ರೊಸೆಸರ್‌ಗೆ ಬಿಸಿಯ ಒಂದು ಮಿತಿ ಇರುತ್ತದೆ. ಅಲ್ಲಿಗೆ ಮುಟ್ಟಿದ ಕೂಡಲೇ ತನ್ನನ್ನು ಕಾಪಾಡಿಕೊಳ್ಳಲು ಅದೇ ವೇಗ ಇಳಿಸಿಕೊಳ್ಳುತ್ತದೆ. ಹಾಗೂ ಬಿಸಿ ಏರುತ್ತಲೇ ಹೋದರೆ ಕಂಪ್ಯೂಟರ್ ದಪ್ ಅಂತ ಆಫ್ ಆಗುತ್ತದೆ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಸಿಯಸ್. ನನ್ನದು ಎಎಂಡಿ ಕಂಪನಿಯ ಹಳೆಯ ರೈಜನ್ ಪ್ರೊಸೆಸರ್, ಅದರ ಮಿತಿ 95. ರೈಜನ್ 7000 ಸರಣಿಯದು ಬೇರೆಯೇ ಜಾತಿ. ಪೂರ್ತಿ ಕೆಲಸದಲ್ಲಿದ್ದಾಗ 95ರವರೆಗೆ ಹೋಗಿ ಅಲ್ಲೇ ಇರುವಂತೆಯೇ ಅದನ್ನು ಮಾಡಿದ್ದಾರೆ. ಹಾಗಾಗಿ ಸಂಖ್ಯೆ ನೋಡಿ ಗಾಬರಿ ಆಗುವ ಮೊದಲು ನಿಮ್ಮ ಮಾಡೆಲ್‌ನ ಮಿತಿ ಎಷ್ಟು ಅಂತ ತಿಳಿದುಕೊಳ್ಳಿ.

ಮೊದಲು ಅಳೆಯಿರಿ

ವಿಂಡೋಸ್‌ನಲ್ಲಿ ಬಿಸಿ ತೋರಿಸುವ ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ಲಿನಕ್ಸ್ ಆದರೆ ಸೆನ್ಸರ್ಸ್ ಅನ್ನೋ ಕಮಾಂಡ್ ಸಾಕು. ಕಂಪ್ಯೂಟರ್ ಸುಮ್ನೆ ಇದ್ದಾಗ ಎಷ್ಟು ಬಿಸಿ, ಇಪ್ಪತ್ತು ನಿಮಿಷ ದುಡಿದ ಮೇಲೆ ಎಷ್ಟು ಬಿಸಿ, ಎರಡನ್ನೂ ಬರೆದಿಡಿ. ಜೊತೆಗೆ ರೂಮಿನ ಬಿಸಿಯನ್ನೂ ಬರೆಯಿರಿ. ಇದನ್ನು ಎಲ್ಲರೂ ಮರೆಯುತ್ತಾರೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡಲಾರದು. ರೂಮು ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಹತ್ತು ಡಿಗ್ರಿ ಮೇಲಕ್ಕೆ ಹೋಗುತ್ತದೆ. ಚಳಿಗಾಲದ ಸಂಖ್ಯೆಯನ್ನು ಬೇಸಿಗೆಯದರ ಪಕ್ಕ ಇಟ್ಟು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಅರ್ಥವಾಯಿತು. ಪ್ರೊಸೆಸರ್ ಆಗಲೇ ಮಿತಿ ಮುಟ್ಟಿದ್ದರೆ ನೀವು ಮಾಡುವ ರಿಪೇರಿ ಟೆಂಪರೇಚರ್‌ನಲ್ಲಿ ಕಾಣುವುದೇ ಇಲ್ಲ. ಸ್ವಲ್ಪ ತಂಪು ಸಿಕ್ಕಿತಾ, ಪ್ರೊಸೆಸರ್ ಆ ಅವಕಾಶ ಬಳಸಿಕೊಂಡು ವೇಗ ಏರಿಸಿಕೊಳ್ಳುತ್ತದೆ. ಸಂಖ್ಯೆ ಮಾತ್ರ ಅಲ್ಲೇ ನಿಂತಿರುತ್ತದೆ. ಅದಕ್ಕೇ ಕೆಲಸಕ್ಕೆ ಹಿಡಿದ ಹೊತ್ತನ್ನೂ ಬರೆಯಬೇಕು. ನಾನು ಒಂದೇ ವಿಡಿಯೊವನ್ನು ಪ್ರತಿ ಸಲ ಎಕ್ಸ್‌ಪೋರ್ಟ್ ಮಾಡಿ ನೋಡುತ್ತಿದ್ದೆ. ಶುರುವಿನಲ್ಲಿ 95 ಡಿಗ್ರಿ, 41 ನಿಮಿಷ.

ಕಾಸು ಬೇಡದ ಕೆಲಸ

ನನ್ನ ಕ್ಯಾಬಿನೆಟ್, ಅಂದರೆ ಕಂಪ್ಯೂಟರ್‌ನ ಡಬ್ಬಿ, ಮೇಜಿನ ಕೆಳಗಿನ ಗೂಡಿನಲ್ಲಿತ್ತು. ಗೂಡಿಗೆ ಬಾಗಿಲು ಬೇರೆ. ನೋಡಲು ಚೆನ್ನಾಗಿತ್ತು ನಿಜ. ಆದರೆ ಹಿಂದಿನಿಂದ ಹೊರಬಂದ ಬಿಸಿಗಾಳಿ ಗೂಡೊಳಗೇ ಸುತ್ತಿ ಮತ್ತೆ ಮುಂದಿನಿಂದ ಒಳಗೆ ಹೋಗುತ್ತಿತ್ತು. ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣು ದೂರ ಇಟ್ಟೆ. ಬಿಸಿ 95ರಲ್ಲೇ ನಿಂತಿತ್ತು, ಆದರೆ ಎಕ್ಸ್‌ಪೋರ್ಟ್ 34 ನಿಮಿಷಕ್ಕೆ ಮುಗಿಯಿತು. ಒಂದು ಸ್ಕ್ರೂ ಕೂಡ ಬಿಚ್ಚದೆ ಏಳು ನಿಮಿಷ ಉಳಿಯಿತು. ನಿಮ್ಮದು ರತ್ನಗಂಬಳಿ ಮೇಲಿದ್ದರೆ ಒಂದು ಹಲಗೆ ಕೊಡಿ. ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ) ಕೆಳಗಿನಿಂದಲೇ ಗಾಳಿ ಎಳೆದುಕೊಳ್ಳುತ್ತದೆ.

ಮುಂದಿನದು ಸೈಡ್ ಪ್ಯಾನಲ್ ಪರೀಕ್ಷೆ. ಪ್ಯಾನಲ್ ತೆಗೆದಿಟ್ಟು ಅದೇ ಕೆಲಸ ಮತ್ತೆ ಓಡಿಸಿ. ಬಿಸಿ ಎಂಟು ಹತ್ತು ಡಿಗ್ರಿ ಇಳಿದರೆ ಕ್ಯಾಬಿನೆಟ್ ಒಳಗೆ ಗಾಳಿ ಸರಿಯಾಗಿ ಆಡುತ್ತಿಲ್ಲ. ಅಷ್ಟೇನೂ ಇಳಿಯದಿದ್ದರೆ ತೊಂದರೆ ಪ್ರೊಸೆಸರ್‌ನ ಕೂಲರ್‌ನಲ್ಲೇ ಇದೆ, ಅಂದರೆ ಅದರ ಮೇಲೆ ಕೂತಿರುವ ಲೋಹದ ಹೀಟ್‌ಸಿಂಕ್ ಮತ್ತು ಫ್ಯಾನ್‌ನಲ್ಲಿ. ಅಲ್ಲಿ ಧೂಳು ಕೂತಿರಬೇಕು, ಇಲ್ಲ ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್ ಒಣಗಿರಬೇಕು. ನನ್ನದು 92ಕ್ಕೆ ಇಳಿಯಿತು, ಒಂದು ನಿಮಿಷ ಉಳಿಯಿತು. ಅಂದರೆ ಕೂಲರ್. ಈ ಪರೀಕ್ಷೆ ಮಾಡದೆ ಎರಡು ಹೊಸ ಫ್ಯಾನ್ ತಂದಿದ್ದರೆ ದುಡ್ಡು ದಂಡವಾಗುತ್ತಿತ್ತು. ಹಾಗಂತ ಪ್ಯಾನಲ್ ಇಲ್ಲದೆಯೇ ಓಡಿಸುತ್ತಿರಬೇಡಿ. ಧೂಳು ಜಾಸ್ತಿ ಕೂರುತ್ತದೆ, ಫ್ಯಾನ್‌ಗೆ ಬೆರಳು ತಗಲುತ್ತದೆ.

ಧೂಳು

ಕಂಪ್ಯೂಟರ್ ಶಟ್‌ಡೌನ್ ಮಾಡಿ ಪ್ಲಗ್ ಕಿತ್ತುಬಿಡಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್ ಅಲ್ಲಿಗೆ ಹೋಗುತ್ತದೆ.

ಬರೀ ಮೇಲಿಂದ ಗಾಳಿ ಹೊಡೆದು ಕ್ಲೀನ್ ಆಯಿತು ಅಂದುಕೊಳ್ಳಬೇಡಿ. ಅಸಲಿ ಧೂಳು ಫ್ಯಾನ್ ಮತ್ತು ಹೀಟ್‌ಸಿಂಕ್‌ನ ನಡುವೆ ಅಡಗಿ ಕೂತಿರುತ್ತದೆ. ಫ್ಯಾನ್ ಹಿಡಿದಿರುವ ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿದರೆ ಮಾತ್ರ ಕಾಣುತ್ತದೆ. ನನ್ನದನ್ನು ಬಿಚ್ಚಿದಾಗ ಹಳೇ ಕಂಬಳಿ ತುಂಡಿನಂಥದ್ದು ಕೈಗೆ ಬಂತು. ಬೆರಳಲ್ಲೇ ಎತ್ತಿ ತೆಗೆಯಬಹುದಿತ್ತು, ಅಷ್ಟು ಒತ್ತಾಗಿತ್ತು. ಅದರ ಮೂಲಕ ಗಾಳಿ ಹೇಗೆ ಹೋದೀತು, ಅಲ್ವಾ?

ಬ್ಲೋವರ್ ಹೊಡೆಯುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ. ಬಿಟ್ಟರೆ ಅದು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ಗಾಳಿ ಕ್ಯಾನ್ ಆದರೆ ನೆಟ್ಟಗೆ ಹಿಡಿಯಿರಿ, ಓರೆ ಮಾಡಿದರೆ ದ್ರವ ಚಿಮ್ಮುತ್ತದೆ. ಬಾಯಲ್ಲಿ ಊದಬೇಡಿ, ಎಂಜಲು ಬೀಳುತ್ತದೆ. ವ್ಯಾಕ್ಯೂಮ್ ಕ್ಲೀನರ್ ಮದರ್‌ಬೋರ್ಡ್ ಹತ್ತಿರ ಬೇಡ, ಅದರ ಮೂತಿಯಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಹೊರಗಿನಿಂದ ಗಾಳಿ ಹೊಡೆದು ಬಿಟ್ಟುಬಿಡಿ.

ಧೂಳು ತೆಗೆದ ಮೇಲೆ ನನ್ನದು 84 ಡಿಗ್ರಿಗೆ ಬಂತು, 28 ನಿಮಿಷ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ.

ಪೇಸ್ಟ್, ಮತ್ತೆ ನಾನು ಮಾಡಿದ ಎಡವಟ್ಟು

ಪ್ರೊಸೆಸರ್‌ನ ತಲೆ, ಹೀಟ್‌ಸಿಂಕ್‌ನ ತಳ ಎರಡೂ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅಲ್ಲಿ ಗಾಳಿ ಇದ್ದರೆ ಬಿಸಿ ಸರಿಯಾಗಿ ದಾಟುವುದಿಲ್ಲ. ಆ ಸಂದು ತುಂಬುವುದೇ ಥರ್ಮಲ್ ಪೇಸ್ಟ್‌ನ ಕೆಲಸ. ಕೂಲರ್ ಒಮ್ಮೆ ಎತ್ತಿದಿರೋ, ಹಳೇ ಪೇಸ್ಟ್ ಒರೆಸಿ ಹೊಸದು ಹಾಕಲೇಬೇಕು.

ನಾನು ಒಣಗಿದ ಪೇಸ್ಟ್ ಇದ್ದ ಕೂಲರನ್ನು ನೇರ ಮೇಲಕ್ಕೆ ಎಳೆದೆ. ಪ್ರೊಸೆಸರ್ ಕೂಡ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತುಬಂತು! ಹಳೇ ರೈಜನ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇರುತ್ತವೆ. ಎರಡು ಪಿನ್ ಬಗ್ಗಿದ್ದವು. ಲೆಡ್ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯಲ್ಲಿ, ಉಸಿರು ಬಿಗಿಹಿಡಿದು ಅವನ್ನು ನೆಟ್ಟಗೆ ಮಾಡಿದೆ. ನೀವು ಹೀಗೆ ಮಾಡಬೇಡಿ. ಮೊದಲು ಹತ್ತು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ. ಬಿಸಿಗೆ ಪೇಸ್ಟ್ ಮೆತ್ತಗಾಗುತ್ತದೆ. ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರ್‌ನ ಸ್ಕ್ರೂ ಬಿಚ್ಚಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚುತ್ತಾ ಬಿಡಿಸಿ.

ಒರೆಸಲು 90 ಶೇಕಡಾ ಮೇಲಿನ ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ. ಹೊಸ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು, ನಟ್ಟನಡುವೆ. ಹರಡುವ ಕೆಲಸ ಕೂಲರ್‌ನ ಒತ್ತಡವೇ ಮಾಡುತ್ತದೆ. ನಾಲ್ಕು ಸ್ಕ್ರೂಗಳನ್ನು ಕರ್ಣದಲ್ಲಿ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಹೊಸ ಕೂಲರ್ ಆದರೆ ತಳದಲ್ಲಿರುವ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ಅಂತ ನೋಡಿ. ನಗಬೇಡಿ, ಬೇಕಾದಷ್ಟು ಜನ ಮರೆಯುತ್ತಾರೆ. ಕೊನೆಗೆ ಫ್ಯಾನ್‌ನ ವೈರನ್ನು ಮದರ್‌ಬೋರ್ಡ್‌ನ ಸಿಪಿಯು ಫ್ಯಾನ್ ಪಿನ್‌ಗೆ ಸಿಕ್ಕಿಸಿ.

ಇಷ್ಟೆಲ್ಲ ಆದಮೇಲೆ ಬಂದಿದ್ದು 81. ಬರೀ ಮೂರು ಡಿಗ್ರಿಗೆ ಇಷ್ಟು ಒದ್ದಾಟವಾ ಅನಿಸಿತು.

ಗಾಳಿಯ ದಾರಿ

ಕಾರಣ ಎರಡು ದಿನ ಆದಮೇಲೆ ಸಿಕ್ಕಿತು. ಕ್ಲೀನ್ ಮಾಡಲು ಬಿಚ್ಚಿದ್ದ ಹಿಂದಿನ ಫ್ಯಾನನ್ನು ನಾನು ತಿರುಗಾಮುರುಗಾ ಹಾಕಿದ್ದೆ. ಬಿಸಿಗಾಳಿ ಹೊರಗೆ ತಳ್ಳಬೇಕಾದದ್ದು ಗಾಳಿಯನ್ನು ಒಳಗೆ ಎಳೆಯುತ್ತಿತ್ತು. ಮುಂದಿನ ಫ್ಯಾನೂ ಒಳಗೆ, ಹಿಂದಿನದೂ ಒಳಗೆ. ಸರಿ ತಿರುಗಿಸಿ ಹಾಕಿದ ಮೇಲೆ 75.

ಗುರುತು ಸುಲಭ. ಸಾಮಾನ್ಯವಾಗಿ ಮೋಟಾರ್ ಹಿಡಿದಿರುವ ಅಡ್ಡಕಡ್ಡಿಗಳು ಯಾವ ಕಡೆ ಇವೆಯೋ ಆ ಕಡೆಗೆ ಗಾಳಿ ಹೊರಬರುತ್ತದೆ. ಅನುಮಾನ ಇದ್ದರೆ ಟಿಶ್ಯೂ ಪೇಪರ್‌ನ ಒಂದು ಪಟ್ಟಿ ಹಿಡಿದು ನೋಡಿ. ಮುಂದಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಇಷ್ಟೇ ಲೆಕ್ಕ. ಹೊರಹೋಗುವುದಕ್ಕಿಂತ ಒಳಬರುವ ಗಾಳಿ ತುಸು ಜಾಸ್ತಿ ಇರಲಿ, ಆಗ ಸಂದುಗೊಂದಿನಿಂದ ಧೂಳು ನುಗ್ಗುವುದಿಲ್ಲ. ಮುಂದಿನ ಜಾಲರಿ ಮಾತ್ರ ಆಗಾಗ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಹೆಚ್ಚಿನವರಿಗೆ ಎರಡು ಮೂರು ಫ್ಯಾನ್ ಧಾರಾಳ.

ಲಿಕ್ವಿಡ್ ಕೂಲರ್ ಹಾಕಲಾ ಅಂತ ಕೇಳುವವರಿಗೆ ಒಂದು ಮಾತು. ಅದು ಬಿಸಿಯನ್ನು ರೇಡಿಯೇಟರ್‌ವರೆಗೆ ಹೊತ್ತುಕೊಂಡು ಹೋಗುತ್ತದೆ ಅಷ್ಟೇ. ಅಲ್ಲಿಂದ ಮುಂದೆ ಮತ್ತೆ ಅದೇ ಫ್ಯಾನ್, ಅದೇ ಗಾಳಿ. ಜೊತೆಗೆ ಕೆಡೋದಕ್ಕೆ ಒಂದು ಪಂಪ್. ನಾನು ಹಾಕಿಲ್ಲ.

ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುತ್ತಿದ್ದರೆ ಅದರ ಪವರ್ ಲಿಮಿಟ್, ಅಂದರೆ ಅದು ಎಳೆಯಬಹುದಾದ ಕರೆಂಟ್‌ನ ಮಿತಿ, ಇಳಿಸಿ ನೋಡಿ. ನಾನು 80 ಶೇಕಡಾಕ್ಕೆ ಇಳಿಸಿದೆ. ಕಾರ್ಡ್ 78ರಿಂದ 70ಕ್ಕೆ ಬಂತು, ಕೆಲಸದಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಫ್ಯಾನ್ ಸದ್ದು ಕಿರಿಕಿರಿ ಅನಿಸಿದರೆ ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಹೋಗಿ ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಅನ್ನೋದನ್ನು, ಬದಲಿಸಿ. ನನ್ನದು 50 ಡಿಗ್ರಿವರೆಗೆ 40 ಶೇಕಡಾ ವೇಗ, 70ಕ್ಕೆ 70, 85ಕ್ಕೆ ಪೂರ್ತಿ. ರಾತ್ರಿ ಬರೀ ಬರೆಯುವಾಗ ಕಂಪ್ಯೂಟರ್ ಆನ್ ಇದೆಯಾ ಅಂತ ಲೈಟ್ ನೋಡಬೇಕು, ಅಷ್ಟು ಸದ್ದಿಲ್ಲ.

ಸೈಡ್ ಪ್ಯಾನಲ್‌ನ ಒಳಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ತಾರೀಕು, ರೂಮಿನ ಬಿಸಿ, ಪ್ರೊಸೆಸರ್‌ನ ಬಿಸಿ, ಎಷ್ಟು ನಿಮಿಷ. ಮೂರು ತಿಂಗಳಿಗೊಮ್ಮೆ ಅದೇ ವಿಡಿಯೊ ಎಕ್ಸ್‌ಪೋರ್ಟ್ ಮಾಡಿ ಒಂದು ಸಾಲು ಸೇರಿಸುತ್ತೇನೆ. ಪ್ರೊಸೆಸರ್‌ಗೂ ರೂಮಿಗೂ ನಡುವಿನ ಅಂತರ ಹಿಂದಿನ ಸಾಲಿಗಿಂತ ಐದು ಡಿಗ್ರಿ ಬೆಳೆದಿದ್ದರೆ ಮಾತ್ರ ಸ್ಕ್ರೂಡ್ರೈವರ್ ಹುಡುಕುತ್ತೇನೆ.