ಹಳೆ ಬಟ್ಟೆ, ಅರವತ್ತರ ಮೈ: ಹೊಂದಿಸಿ ಉಡುವುದು ಹೇಗೆ?

ಅರವತ್ತು ದಾಟಿದವರ ಬೀರು ತೆಗೆದು ನೋಡಿ. ಅಮ್ಮನ ಇಳಕಲ್ ಸೀರೆ, ಅತ್ತೆಯ ಮೈಸೂರು ರೇಷ್ಮೆ, ‘ನನಗಿನ್ನು ಭಾರ ಕಣೇ’ ಅಂತ ಅಕ್ಕ ಕೊಟ್ಟ ಧರ್ಮಾವರಂ, ಮಗಳು ಬಿಟ್ಟುಹೋದ ಕುರ್ತಾಗಳು ಎಲ್ಲ ಇರುತ್ತವೆ. ಆದರೆ ದಿನಾ ಉಡುವುದು ಅದೇ ನಾಲ್ಕು ಸೀರೆ, ಅದೇ ಮೂರು ನೈಟಿ. ‘ಈ ವಯಸ್ಸಲ್ಲಿ ನನಗ್ಯಾಕೆ ಇದೆಲ್ಲ’ ಎನ್ನುವ ಮಾತು ಎಷ್ಟು ಚೆಂದದ ಬಟ್ಟೆಗಳನ್ನು ಕತ್ತಲಲ್ಲೇ ಕೊಳೆಸಿದೆಯೋ ಲೆಕ್ಕವಿಲ್ಲ.

ನಮ್ಮ ಕಡೆ ಹುಟ್ಟಿದ ಮಗುವನ್ನು ಮೊದಲು ಸುತ್ತುವುದು ಅಜ್ಜಿಯ ಹಳೆ ಹತ್ತಿ ಸೀರೆಯಲ್ಲಿ. ಒಗೆದು ಒಗೆದು ಮೆತ್ತಗಾದ ಬಟ್ಟೆ ಎಳೆ ಚರ್ಮಕ್ಕೆ ಹಿತ. ವಯಸ್ಸಾದ ಚರ್ಮವೂ ತೆಳ್ಳಗಾಗಿ, ಒಣಗಿ, ಬೇಗ ಕೆರೆತಕ್ಕೆ ಬರುತ್ತದೆ. ಗಂಜಿಯ ಬಿರುಸಿರುವ ಹೊಸ ಬಟ್ಟೆಗಿಂತ ಯಾರೋ ಉಟ್ಟು ಹದ ಮಾಡಿಟ್ಟ ಬಟ್ಟೆ ಹಿರಿಯರಿಗೆ ಹೇಳಿ ಮಾಡಿಸಿದ್ದು. ಹೊಸ ಬಟ್ಟೆ ಕೊಳ್ಳದೆ ಉಳಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ಟೈಲರ್‌ಗೆ ಕೊಡಿ. ಹಳೆ ಬಟ್ಟೆ ನಮ್ಮದಾಗುವುದು ಅಲ್ಲಿಯೇ. ಉಡುಪಿನಲ್ಲಿ ಹೊಸತು ಮಾಡಿ ನೋಡಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಸರಿಹೋಗದಿದ್ದರೆ ಸಾವಿರಗಟ್ಟಲೆ ಹೋಯಿತು ಎನ್ನುವ ಸಂಕಟವೂ ಇರುವುದಿಲ್ಲ.

ಮೊದಲು ಆರಿಸಿ

ಹಗಲು ಹೊತ್ತಿನಲ್ಲಿ, ಕಿಟಕಿಯ ಹತ್ತಿರ ಕೂತು ಆರಿಸಿ. ಸೀರೆಯನ್ನು ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸಣ್ಣ ತೂತು, ಜೂಲು, ತೆಳುವಾದ ಜಾಗ ಎಲ್ಲ ಕಾಣುತ್ತದೆ. ರೇಷ್ಮೆಯಾದರೆ ಮಡಿಕೆಯ ಗೆರೆಯನ್ನು ಮುಖ್ಯವಾಗಿ ನೋಡಬೇಕು. ಗೆರೆಯ ಎರಡೂ ಕಡೆ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ನೂಲು ಪಿಸಿಯಲು ಶುರುವಾದರೆ ಆ ಸೀರೆಯನ್ನು ಸೀರೆಯಾಗಿ ಉಡಲಾಗದು. ಬೇಜಾರು ಬೇಡ, ಅದಕ್ಕೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ. ಕುರ್ತಾ, ಬ್ಲೌಸು, ಶರ್ಟುಗಳಲ್ಲಿ ಕಂಕುಳ, ಕಾಲರ್ ಮತ್ತು ಮೊಣಕೈ ನೋಡಿ. ಬಟ್ಟೆ ಮೊದಲು ಸೋಲುವುದೇ ಅಲ್ಲಿ.

ಹೊರಗೆ ಕೊಳ್ಳುವವರಿಗೆ ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರ್ ಗೊತ್ತೇ ಇದೆ. ಇಂಥ ಕಡೆ ‘ಪ್ಯೂರ್ ಸಿಲ್ಕ್ ಅಮ್ಮಾ’ ಎನ್ನುವ ಮಾತನ್ನು ನಂಬುವ ಮುಂಚೆ ಸೆರಗಿನ ತುದಿಯಿಂದ ಎರಡು ಎಳೆ ಕೇಳಿ ತೆಗೆದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಆ ಕರಗುವ ಗುಣವೇ ಅಡುಗೆಮನೆಯಲ್ಲಿ ಅಪಾಯ. ಬೆಂಕಿ ತಗುಲಿದರೆ ಮೈಗೆ ಅಂಟಿಕೊಳ್ಳುತ್ತದೆ. ಒಲೆ ಮುಂದೆ ನಿಲ್ಲುವ ಅಜ್ಜಿಯಂದಿರಿಗೆ ಸಿಂಥೆಟಿಕ್ ಸೀರೆ ಬೇಡವೇ ಬೇಡ. ಉಡುಪಿ ಕೈಮಗ್ಗದಂಥ ಹತ್ತಿ ಸೀರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ. ಹಗುರ, ಮೆತ್ತಗೆ, ಬೆವರು ಹೀರುತ್ತದೆ.

ಹಳೆ ಜರಿ ಸೀರೆ ಕೊಳ್ಳಲು ಮನೆ ಬಾಗಿಲಿಗೆ ಬರುವವರಿದ್ದಾರಲ್ಲ, ಅವರಿಗೆ ಬೇಕಿರುವುದು ಬಟ್ಟೆಯಲ್ಲ, ಜರಿಯೊಳಗಿನ ಬೆಳ್ಳಿ. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. 1912ರಲ್ಲಿ ಮೈಸೂರಿನಲ್ಲಿ ಶುರುವಾಗಿ ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುವ ಕಾರ್ಖಾನೆಯ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಅಂಥದ್ದನ್ನು ಒಂದು ಸ್ಟೀಲ್ ಡಬ್ಬಕ್ಕೆ ಕೊಟ್ಟುಬಿಡುವ ಮೊದಲು ದಯವಿಟ್ಟು ಎರಡು ದಿನ ಯೋಚಿಸಿ.

ಇನ್ನೊಂದು ಮಾತು. ತೀರಿಕೊಂಡವರ ಬಟ್ಟೆ ಉಡಬಾರದು ಎನ್ನುವ ಮನೆಗಳಿವೆ. ಉಡುವುದರಲ್ಲೇ ನೆಮ್ಮದಿ ಕಾಣುವ ಮನೆಗಳೂ ಇವೆ. ಇದರಲ್ಲಿ ಯಾರೂ ಯಾರನ್ನೂ ಒತ್ತಾಯಿಸಬಾರದು. ಮನಸ್ಸು ಒಪ್ಪದಿದ್ದರೆ ಬಟ್ಟೆಯನ್ನು ಎತ್ತಿಡಿ. ವರ್ಷ ಕಳೆದ ಮೇಲೆ ಒಂದು ಅಂಚನ್ನೋ ಸೆರಗಿನ ತುಂಡನ್ನೋ ಬಳಸುವ ಮನಸ್ಸು ಬರಬಹುದು.

ಒಗೆಯುವ ಮುಂಚೆ ಬಣ್ಣ ಪರೀಕ್ಷೆ

ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ, ಒಳಗಿನ ಮೂಲೆಯೊಂದರ ಮೇಲೆ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ನೆನೆಹಾಕಬೇಡಿ. ಇಳಕಲ್‌ನ ಕೆಂಪು ಸೆರಗಿಗೆ ಈ ಪರೀಕ್ಷೆ ತಪ್ಪಿಸಬಾರದು. ಅದರ ಬಣ್ಣ ಒಡಲಿಗೆ ಹರಿದರೆ ವಾಪಸ್ ತೆಗೆಯುವುದು ಬಲು ಕಷ್ಟ. ಬಣ್ಣ ಬಿಡದ ರೇಷ್ಮೆಗೆ ಅಂಟುವಾಳದ ನೊರೆ ಸಾಕು. ತಣ್ಣೀರಲ್ಲಿ ಬೇಗ ಅದ್ದಿ ತೆಗೆದು, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಹರಡಿ. ಜರಿ ಜಾಸ್ತಿ ಇದ್ದರೆ ಡ್ರೈ ವಾಶ್‌ಗೆ ಕೊಡುವುದೇ ಮೇಲು. ನುಸಿ ಗುಳಿಗೆಯ ವಾಸನೆ ಮಾತ್ರ ಇದ್ದರೆ ಒಗೆಯುವುದೂ ಬೇಡ, ನಾಲ್ಕೈದು ದಿನ ನೆರಳಿನ ಗಾಳಿಗೆ ಹಾಕಿ. ಬೆವರಿನ ಕಲೆ ಇರುವಾಗ ಇಸ್ತ್ರಿ ಇಟ್ಟರೆ ಕಲೆ ಕೂತುಬಿಡುತ್ತದೆ, ಮೊದಲು ಕಲೆ ತೆಗೆಸಿ.

ಇವತ್ತಿನ ಮೈಗೆ ಅಳತೆ

ಇದಕ್ಕೆ ಹೆಚ್ಚು ಹೊತ್ತು ಕೊಡಿ. ಹಳೆ ಬಟ್ಟೆ ಉಟ್ಟಾಗ ‘ಹಳೆಯದು’ ಅಂತ ಕಾಣುವುದು ಬಟ್ಟೆಯಿಂದಲ್ಲ, ಅಳತೆಯಿಂದ. ಭುಜ ಜಾರಿದ, ಕಂಕುಳ ಹಿಡಿದ ಬ್ಲೌಸಿನ ಮೇಲೆ ಎಷ್ಟೇ ಒಳ್ಳೆಯ ಸೀರೆ ಉಟ್ಟರೂ ಪ್ರಯೋಜನವಿಲ್ಲ. ನಲವತ್ತರ ಅಳತೆಯ ಬ್ಲೌಸನ್ನು ಟೈಲರ್‌ಗೆ ಮಾದರಿ ಅಂತ ಕೊಡಬೇಡಿ. ನೀವೇ ಹೋಗಿ, ನಿಂತು ಅಳತೆ ಕೊಡಿ. ಬೆನ್ನು ಸ್ವಲ್ಪ ಬಾಗಿದ್ದರೆ ಹಾಗೇ ನಿಂತುಕೊಳ್ಳಿ, ಅಳತೆಗಾಗಿ ನೆಟ್ಟಗಾಗಬೇಡಿ. ಬಾಗಿದ ಬೆನ್ನಿಗೆ ಹಿಂಭಾಗ ಒಂದು ಅಂಗುಲ ಉದ್ದ ಬೇಕಾಗುತ್ತದೆ, ಮುಂಭಾಗ ಅಷ್ಟೇ ಗಿಡ್ಡ. ಇದನ್ನು ಬಾಯಿಬಿಟ್ಟು ಹೇಳಿ.

ಹಳೆ ಬ್ಲೌಸಾದರೆ ಒಳಗಡೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಹಿಂದಿನ ಟೈಲರುಗಳು ಧಾರಾಳವಾಗಿ ಬಿಡುತ್ತಿದ್ದರು, ಎರಡು ಹೊಲಿಗೆ ಬಿಚ್ಚಿದರೆ ಸಾಕಾಗಬಹುದು. ಸಾಲದಿದ್ದರೆ ಕಂಕುಳ ಕೆಳಗೆ ಚೌಕದ ಸಣ್ಣ ತುಂಡು ಸೇರಿಸಿ. ಕೈ ಎತ್ತಲು ಜಾಗ ಸಿಗುತ್ತದೆ, ಹೊರಗೆ ಕಾಣುವುದೂ ಇಲ್ಲ. ಭುಜ ಹಿಡಿದುಕೊಂಡವರು (ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ) ಹಿಂದೆ ಹುಕ್ಕು ಇರುವ ಬ್ಲೌಸು ಬಿಟ್ಟುಬಿಡಿ. ಮುಂದೆ ತೆರೆಯುವ ಹಾಗೆ ಮಾಡಿಸಿ. ಬೆರಳ ಗಂಟು ನೋಯುವವರಿಗೆ ಹುಕ್ಕಿನ ಬದಲು ದೊಡ್ಡ ಟಿಚ್ ಬಟನ್ ಹಾಕಿಸಿ, ಮೇಲ್ಗಡೆ ಚೆಂದಕ್ಕೆ ಬರೀ ಗುಂಡಿ ಕೂರಿಸಿದರಾಯಿತು.

ಲಂಗದ ಲಾಡಿ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದರೆ ಸೊಂಟದ ಚರ್ಮ ಕಪ್ಪಾಗುತ್ತದೆ, ಕೆಲವರಿಗೆ ಹುಣ್ಣಾಗುತ್ತದೆ. ವಾಸಿಯಾಗದೇ ಉಳಿದ ಹುಣ್ಣು ಅಪರೂಪಕ್ಕೆ ಕ್ಯಾನ್ಸರ್ ಆದದ್ದೂ ಇದೆ. ಅಂಥ ಹುಣ್ಣಿದ್ದರೆ ಸಂಕೋಚ ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಲಾಡಿಯ ಬದಲು ಅಗಲವಾದ ಪಟ್ಟಿ ಅಥವಾ ಇಲಾಸ್ಟಿಕ್ ಹಾಕಿಸಿದರೆ ಸೊಂಟಕ್ಕೆ ಸುಖ. ನೆರಿಗೆ ಹಿಡಿಯಲು ಬಗ್ಗಲಾಗದವರು ಹಳೆ ಸೀರೆಯನ್ನೇ ರೆಡಿ ಸೀರೆ ಮಾಡಿಸಬಹುದು. ಕತ್ತರಿಸಬೇಕಿಲ್ಲ. ನೆರಿಗೆ ಹಿಡಿದು ಸೊಂಟಪಟ್ಟಿಗೆ ಕೈಹೊಲಿಗೆ ಹಾಕಿದರೆ ಬೇಕೆಂದಾಗ ಬಿಚ್ಚಬಹುದು. ಅಂಚು ನೆಲ ಮುಟ್ಟದಿರಲಿ. ಕುರ್ತಾದ ಪೈಜಾಮವೂ ಅಷ್ಟೇ, ಕಣಕಾಲ ಮೇಲೆ ನಿಲ್ಲಲಿ. ಕಾಲಿಗೆ ಸಿಕ್ಕಿ ಬೀಳುವುದು ಈ ವಯಸ್ಸಿನಲ್ಲಿ ಸಣ್ಣ ವಿಷಯವಲ್ಲ.

ಪಿಸಿದ ಸೀರೆಗೆ ಇನ್ನೊಂದು ರೂಪ

ಐದೂವರೆ ಮೀಟರ್ ಸೀರೆಯಲ್ಲಿ ಮಡಿಕೆಯಲ್ಲಿ ಪಿಸಿದ ಜಾಗ ಕಳೆದರೂ ಬೇಕಾದಷ್ಟು ಗಟ್ಟಿ ಬಟ್ಟೆ ಉಳಿಯುತ್ತದೆ. ಮೊಣಕಾಲು ಮುಟ್ಟುವ, ಉದ್ದ ತೋಳಿನ ಕುರ್ತಾಗೆ ಎರಡೂವರೆ ಮೀಟರ್ ಸಾಕು. ಸೆರಗಿನ ಕಡೆಯ ಎರಡೂಕಾಲು ಮೀಟರ್ ದುಪಟ್ಟಾ ಆಗುತ್ತದೆ. ಮಿಕ್ಕಿದ್ದರಲ್ಲಿ ಜೇಬು. ಜೇಬು ಮರೆಯಬೇಡಿ, ಫೋನು, ಕನ್ನಡಕ, ಮಾತ್ರೆ ಡಬ್ಬಿ ಎಲ್ಲ ಇಡಬೇಕಲ್ವಾ. ಒಳಗೆ ಮಲ್ ಎನ್ನುವ ತೆಳು ಹತ್ತಿ ಬಟ್ಟೆಯ ಲೈನಿಂಗ್ ಕೊಡಿಸಿ. ಹೊಲಿಯುವ ಮುಂಚೆ ಲೈನಿಂಗನ್ನು ಒಂದು ಸಲ ನೀರಿಗೆ ಹಾಕಿ ಒಣಗಿಸದಿದ್ದರೆ ಆಮೇಲೆ ಅದು ಕುಗ್ಗಿ ಕುರ್ತಾ ಸೊಟ್ಟಗಾಗುತ್ತದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು) ಸೆರಗಿನ ಹಾಸು ನೂಲನ್ನು ಕುಣಿಕೆ ಹಾಕಿ ಸೇರಿಸಿ ನೇಯುತ್ತಾರೆ. ಆ ಸೇರಿಕೆಯ ಗೆರೆಯ ಮೇಲೆ ಕತ್ತರಿ ಓಡಬಾರದು. ಸೆರಗನ್ನು ಪೂರ್ತಿಯಾಗಿ, ಗೆರೆಯಿಂದ ಒಂದು ಗೇಣು ಒಡಲನ್ನೂ ಸೇರಿಸಿ ಉಳಿಸಿಕೊಳ್ಳಿ. ಕಸೂತಿ ಇದ್ದರೆ ಇನ್ನೂ ಹುಷಾರು. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಈ ನಾಲ್ಕೂ ಹೊಲಿಗೆಯನ್ನು ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಮಾಡಿರುತ್ತಾರೆ. ನಡುವೆ ಕತ್ತರಿಸಿದರೆ ದಾರ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಗೋಪುರ, ಆನೆ, ತೇರು ಇಡಿಯಾಗಿ ಉಳಿಯುವ ಹಾಗೆ ಸುತ್ತ ಜಾಗ ಬಿಟ್ಟು ಕತ್ತರಿಸಿ, ಅಂಚು ಹೊಲಿದು, ಕುರ್ತಾದ ಎದೆಗೋ ಬೆನ್ನಿಗೋ ಕೂರಿಸಿ. ಇಸ್ತ್ರಿ ಹಿಂಬದಿಯಿಂದ ಮಾತ್ರ. ಉಳಿದ ಚೂರುಗಳಿಗೆ ಉತ್ತರ ಕರ್ನಾಟಕದ ಕೌದಿ, ಅಂದರೆ ಹಳೆ ಬಟ್ಟೆ ಚೂರು ಸೇರಿಸಿ ಹೊಲಿಯುವ ಹೊದಿಕೆ, ಇದ್ದೇ ಇದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಇಷ್ಟಾದ ಮೇಲೆ ಕನ್ನಡಿ ಮುಂದೆ ಬನ್ನಿ. ಹೊಸದು ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕನ್ನಡಿಯಲ್ಲಿ ಯಾರೋ ನಿಂತ ಹಾಗಾಗುತ್ತದೆ. ದಿನಾ ಉಡುವ ಹತ್ತಿ ಸೀರೆಯನ್ನೇ ಉಡಿ, ಬ್ಲೌಸು ಮಾತ್ರ ಗುಳೇದಗುಡ್ಡದ ರವಿಕೆ ಬಟ್ಟೆ ಖಣದ್ದಾಗಲಿ. ಒಗ್ಗಿತಾ? ಮುಂದಿನ ಸಲ ಬ್ಲೌಸಿನ ಬದಲು ಮಗನ ಹಳೆ ಬಿಳಿ ಶರ್ಟು, ತೋಳು ಮೊಣಕೈವರೆಗೆ ಮಡಚಿ. ಮತ್ತೊಂದು ಸಲ ಸೆರಗಿನ ಮೇಲೆ ತೋಳಿಲ್ಲದ ಜಾಕೆಟ್. ಸೀರೆಗೆ ಕ್ಯಾನ್ವಾಸ್ ಶೂ ಹಾಕಿದರೆ ಮೊಮ್ಮಕ್ಕಳು ಮೆಚ್ಚುತ್ತಾರೆ, ಮಂಡಿಯೂ ಮೆಚ್ಚುತ್ತದೆ.

ಬಣ್ಣದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ‘ವಯಸ್ಸಾದವರಿಗೆ ತಿಳಿ ಬಣ್ಣ’ ಎನ್ನುವುದನ್ನು ಸುಮ್ನೆ ಒಪ್ಪಿಕೊಂಡು ಬಂದಿದ್ದೇವೆ. ಗಂಡ ತೀರಿಕೊಂಡ ಹೆಂಗಸರ ಮೇಲೆ ಈ ಮಾತಿನ ಭಾರ ಇನ್ನೂ ಹೆಚ್ಚು. ಅವರ ಬಣ್ಣವನ್ನು ಊರು ತೀರ್ಮಾನಿಸುವುದು ಅನ್ಯಾಯ. ಕೂದಲು ಬೆಳ್ಳಗಾದ ಮೇಲೆ ಮುಖದ ಸುತ್ತಲಿನ ಬಣ್ಣವೇ ಬದಲಾಗಿರುತ್ತದೆ. ಹಾಗಾಗಿ ಹಿಂದೆ ‘ನನಗೆ ಒಪ್ಪಲ್ಲ’ ಅಂತ ಬಿಟ್ಟ ಬಣ್ಣಗಳನ್ನು ಮತ್ತೆ ಪರೀಕ್ಷಿಸಬೇಕು. ಕಿಟಕಿ ಬೆಳಕಿನಲ್ಲಿ ಗಲ್ಲದ ಕೆಳಗೆ ಒಂದೊಂದೇ ಸೀರೆ ಹಿಡಿದು ಫೋಟೊ ತೆಗೆಸಿಕೊಳ್ಳಿ. ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದರಲ್ಲಿ ಮುಖ ಅರಳಿದೆ, ಯಾವುದರಲ್ಲಿ ಬಾಡಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಅನೇಕರಿಗೆ ಕಡು ನೀಲಿ, ಕುಂಕುಮ ಕೆಂಪು, ಗಿಳಿ ಹಸಿರು ಬೆಳ್ಳಿ ಕೂದಲ ಜೊತೆ ಎದ್ದು ಕಾಣುತ್ತವೆ.

ಉಟ್ಟ ಮೇಲೆ ಕೂತು ಏಳಿ, ಮೆಟ್ಟಿಲು ಹತ್ತಿ ಇಳಿಯಿರಿ, ಮೇಲಿನ ಶೆಲ್ಫಿಗೆ ಕೈ ಚಾಚಿ. ಬಟ್ಟೆ ಎಲ್ಲೂ ಎಳೆಯದಿದ್ದರೆ ಸರಿ. ಮೊದಲ ಸಲ ಮದುವೆಮನೆಗೆ ಬೇಡ, ಅಲ್ಲಿ ನೂರು ಕಣ್ಣು. ತರಕಾರಿ ಅಂಗಡಿಗೋ ಸಂಜೆ ಪಾರ್ಕಿಗೋ ಉಟ್ಟು ಹೋಗಿ ಅಭ್ಯಾಸ ಮಾಡಿಕೊಳ್ಳಿ. ‘ಏನ್ರೀ ಇವತ್ತು ವಿಶೇಷ’ ಅಂತ ಕೇಳಿದರೆ ‘ಅಮ್ಮನ ಸೀರೆ ರೀ’ ಅನ್ನಿ. ಆಮೇಲೆ ಮಾತು ಅವರ ಅಮ್ಮನ ಸೀರೆಯ ಕಡೆಗೇ ಹೊರಳುತ್ತದೆ.

ಗಂಡಸರಿಗೆ

ಅಪ್ಪನ ಕೋಟು ಇದ್ದರೆ ಭುಜ ಸರಿ ಇದೆಯಾ ಅಂತ ಮೊದಲು ನೋಡಿ. ಸೊಂಟ, ತೋಳುಗಳನ್ನು ಸುಲಭವಾಗಿ ತಿದ್ದಬಹುದು. ಭುಜ ತಿದ್ದುವುದು ಕಷ್ಟದ, ದುಬಾರಿ ಕೆಲಸ. ಕಾಲರ್ ಸವೆದ ಒಳ್ಳೆಯ ಶರ್ಟಿದ್ದರೆ ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿಸಿ, ಒಳಗಿದ್ದ ಹೊಸ ಮುಖ ಹೊರಗೆ ಬರುತ್ತದೆ. ಅಥವಾ ಮೇಲಿನ ಮಡಿಕೆ ತೆಗೆಸಿ ಬರೀ ಪಟ್ಟಿ ಉಳಿಸಿದರೆ ನಿಂತ ಕಾಲರಿನ ಶರ್ಟು ಆಗುತ್ತದೆ, ಬಿಳಿ ಪಂಚೆಗೆ ಚೆನ್ನಾಗಿ ಒಪ್ಪುತ್ತದೆ. ಜರಿ ಶಲ್ಯವನ್ನು ಸಮಾರಂಭಕ್ಕೇ ಕಾಯಿಸಬೇಡಿ, ಸಾದಾ ಜುಬ್ಬದ ಮೇಲೂ ಹಾಕಿಕೊಳ್ಳಿ.

ಎತ್ತಿಡುವಾಗ

ಉಟ್ಟ ರೇಷ್ಮೆಯನ್ನು ಕೂಡಲೇ ಮಡಚದೆ ಒಂದು ರಾತ್ರಿ ಗಾಳಿಗೆ ಬಿಡಿ. ಪ್ಲಾಸ್ಟಿಕ್ ಕವರ್ ಬೇಡ, ಹಳೆ ಬಿಳಿ ಪಂಚೆಯಲ್ಲಿ ಸುತ್ತಿ. ನುಸಿ ಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ, ಅದರ ಬದಲು ಲವಂಗವನ್ನೋ ಒಣಗಿದ ಬೇವಿನ ಎಲೆಯನ್ನೋ ಗಂಟು ಕಟ್ಟಿ ಮೂಲೆಯಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಮಡಿಕೆಯನ್ನು ಬೇರೆ ಜಾಗಕ್ಕೆ ಬದಲಿಸಿ.